ಮಗಳು ಫುಟ್‌ಬಾಲ್ ಆಡಿಯೇ ಬದುಕಬಹುದಾ?

ಪ್ರಶ್ನೆ: ಮಗಳಿಗೆ 14 ವರ್ಷ, ಕಾರವಾರದಲ್ಲಿ ಓದುತ್ತಿದ್ದಾಳೆ. ದಿನಾ ಸಂಜೆ ಹುಡುಗರ ಜೊತೆ ಫುಟ್‌ಬಾಲ್ ಆಡುತ್ತಾಳೆ. ಮುಂದೆ ಇದೇ ನನ್ನ ಕೆಲಸ ಅನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಇದರಲ್ಲಿ ಸಂಬಳ ಅಂತ ಸಿಗುತ್ತಾ? ಗೋವಾಕ್ಕೆ ಕಳಿಸಬೇಕಾ, ಬೆಂಗಳೂರಿಗಾ?

ಉತ್ತರ: ಸಂಬಳ ಸಿಗುತ್ತದೆ. ಆದರೆ ಕೆಲವೇ ಜನಕ್ಕೆ, ಕೆಲವೇ ವರ್ಷ.

ನಮ್ಮ ದೇಶದಲ್ಲಿ ಹೆಣ್ಣುಮಕ್ಕಳಿಗೆ ದೊಡ್ಡ ಲೀಗ್ ಅಂದರೆ ಇಂಡಿಯನ್ ವಿಮೆನ್ಸ್ ಲೀಗ್. ಶುರುವಾಗಿದ್ದು 2016–17ರಲ್ಲಿ. ಮೊದಮೊದಲು ತಂಡಗಳನ್ನೆಲ್ಲ ಒಂದು ಕಡೆ ಸೇರಿಸಿ ಕೆಲವೇ ವಾರಗಳಲ್ಲಿ ಮುಗಿಸಿಬಿಡುತ್ತಿದ್ದರು. 2023–24ರಲ್ಲಿ ಪ್ರತಿ ತಂಡ ತನ್ನ ಊರಲ್ಲೊಮ್ಮೆ, ಎದುರಾಳಿ ಊರಲ್ಲೊಮ್ಮೆ ಆಡುವ ಪದ್ಧತಿ ಶುರುವಾಯಿತು. ಅದೇ ಹೊತ್ತಿಗೆ ಭಾರತದ ಫುಟ್‌ಬಾಲ್ ಫೆಡರೇಷನ್ ಒಂದು ನಿಯಮ ಮಾಡಿತು: ತಂಡವೊಂದು ಕನಿಷ್ಠ 10 ಭಾರತೀಯ ಆಟಗಾರ್ತಿಯರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು, ಅವರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕು. ತಿಂಗಳಿಗೆ ಸುಮಾರು 26,600.

2024–25ರಲ್ಲಿ ಆಡಿದ್ದು 8 ತಂಡ. ಈ ನಿಯಮದ ಲೆಕ್ಕದಲ್ಲಿ ಇಷ್ಟು ದೊಡ್ಡ ದೇಶದಲ್ಲಿ ಖಾತ್ರಿ ಸಂಬಳ 80 ಹುಡುಗಿಯರಿಗೆ. ಇದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಆದರೆ ಮಗಳ ಮುಂದೆ ಈ ಲೆಕ್ಕ ಮುಚ್ಚಿಡಬೇಡಿ. 14 ವರ್ಷದವರಿಗೆ ಅರ್ಥವಾಗುತ್ತದೆ.

ಉಳಿದವರು ಹೇಗೆ ಬದುಕುತ್ತಾರೆ? ನೌಕರಿ ಇಟ್ಟುಕೊಂಡು ಆಡುತ್ತಾರೆ. ರೈಲ್ವೆ, ಪೊಲೀಸ್, ಸಶಸ್ತ್ರ ಸೀಮಾ ಬಲದಂಥ ಕಡೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತದೆ. ಮಣಿಪುರದ ಬಾಲಾ ದೇವಿಯವರನ್ನೇ ನೋಡಿ. ಅವರು ಮಣಿಪುರ ಪೊಲೀಸ್‌ನಲ್ಲಿದ್ದವರು. 2020ರ ಜನವರಿಯಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್ ಕ್ಲಬ್ ಅವರನ್ನು ಸೇರಿಸಿಕೊಂಡಾಗ ಅವರಿಗೆ 30 ತುಂಬುತ್ತಾ ಬಂದಿತ್ತು. ಅಲ್ಲಿಯವರೆಗೆ ಅವರ ಆಟಕ್ಕೆ ಬೆನ್ನೆಲುಬಾಗಿದ್ದು ಸರ್ಕಾರಿ ನೌಕರಿ. ಪಂಜಾಬಿನ ಮನೀಷಾ ಕಲ್ಯಾಣ್ ಅವರದು ಬೇರೆ ದಾರಿ. 2022ರಲ್ಲಿ, 20ನೇ ವಯಸ್ಸಿಗೇ ಸೈಪ್ರಸ್‌ನ ಕ್ಲಬ್ ಸೇರಿ, ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದಳು. ಪೇಪರಿನಲ್ಲಿ ಬರುವುದು ಇಂಥವರ ಸುದ್ದಿಯೇ. ನೀವು ಮಾತ್ರ ಬಾಲಾ ದೇವಿಯವರ ದಾರಿ ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿ. ಕೋಟಾಕ್ಕೆ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ಬೇಕು. ಓದೂ ಬೇಕು. ಹಾಗಾಗಿ ಶಾಲೆ ಬಿಡಿಸುವ ಮಾತೇ ಬೇಡ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ನಮ್ಮ ಕರಾವಳಿಯ ಹುಡುಗಿಯರಿಗೆ ಕಡಿಮೆ ಇರುವುದು ಪ್ರತಿಭೆಯಲ್ಲ, ಮ್ಯಾಚು. ಬೀಚಿನ ಮರಳಲ್ಲಿ, ಮಾಲಾದೇವಿ ಮೈದಾನದಲ್ಲಿ ಆಡಿ ಕಾಲಿಗೆ ಚೆಂಡು ಹೊಂದುತ್ತದೆ, ದಮ್ಮು ಬರುತ್ತದೆ. ಆದರೆ 105 ಮೀಟರ್ ಉದ್ದದ ಮೈದಾನದಲ್ಲಿ ಹನ್ನೊಂದು ಜನರ ಆಟವೇ ಬೇರೆ. ಚೆಂಡು ಆ ತುದಿಯಲ್ಲಿರುವಾಗ ತಾನು ಎಲ್ಲಿ ನಿಲ್ಲಬೇಕು, ಯಾವಾಗ ಓಡಬಾರದು ಅನ್ನೋದು ಮ್ಯಾಚ್ ಆಡದೆ ಬರುವುದಿಲ್ಲ. ಮಳೆಗಾಲ ಬಂತೆಂದರೆ ಇರುವ ಅಭ್ಯಾಸವೂ ಅರ್ಧಕ್ಕೆ ಇಳಿಯುತ್ತದೆ. ಹುಡುಗರ ಜೊತೆ ಆಡುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಅವರ ವೇಗಕ್ಕೆ ಹೊಂದಿಕೊಂಡವಳಿಗೆ ಟ್ರಯಲ್ಸ್‌ನಲ್ಲಿ ಅದೇ ಕೈ ಹಿಡಿಯುತ್ತದೆ. ಜೊತೆಗೆ ಶಾಲೆಯ ಪಿಇ ಟೀಚರ್ ಹತ್ತಿರ ಸುಬ್ರೊತೊ ಕಪ್ ಅನ್ನುವ ಶಾಲಾ ತಂಡಗಳ ಫುಟ್‌ಬಾಲ್ ಪಂದ್ಯಾವಳಿ ಬಗ್ಗೆ ಕೇಳಿ. ಅದರಲ್ಲಿ 17ರೊಳಗಿನ ಹುಡುಗಿಯರ ವಿಭಾಗವಿದೆ. ಜನನ ಪ್ರಮಾಣಪತ್ರದಲ್ಲೂ ಶಾಲೆಯ ದಾಖಲೆಯಲ್ಲೂ ಹೆಸರು, ತಾರೀಕು ಒಂದೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ.

ಇನ್ನು ಮೊಣಕಾಲು. ಒಳಗಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿಯುವುದು ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ. ಆಪರೇಷನ್ ಆದರೆ ಮತ್ತೆ ಆಡಲು ಒಂಬತ್ತು ತಿಂಗಳಾದರೂ ಬೇಕು. ಮನೆಯ ಮೆಟ್ಟಿಲ ಮೇಲಿಂದ ಎರಡೂ ಕಾಲಲ್ಲಿ ಜಿಗಿಯಲು ಹೇಳಿ, ಎದುರಿಗೆ ನಿಂತು ನೋಡಿ. ಇಳಿಯುವಾಗ ಎರಡು ಮೊಣಕಾಲು ಒಂದರ ಕಡೆ ಒಂದು ವಾಲಿದರೆ ಅದನ್ನು ತಿದ್ದಬೇಕು. ಅದಕ್ಕೆಂದೇ ಫಿಫಾ 11 ಪ್ಲಸ್ ಅನ್ನುವ 20 ನಿಮಿಷದ ವಾರ್ಮಪ್ ಇದೆ. ಖರ್ಚಿಲ್ಲ. ಸುಮ್ನೆ ಎರಡು ಸುತ್ತು ಓಡಿ ಆಟಕ್ಕಿಳಿಯುವುದನ್ನು ಇವತ್ತೇ ಬಿಡಿಸಿ.

ಒಪ್ಪಂದದ ಮಾತು ಇನ್ನೂ ದೂರ. ಬಂದಾಗ ಎರಡು ಸಾಲು ಹುಡುಕಿ: ಸಂಬಳ ಎಷ್ಟು ತಿಂಗಳ ಕಾಲ ಕೊಡುತ್ತಾರೆ, ಪೆಟ್ಟಾದರೆ ಖರ್ಚು ಯಾರದು. 2021ರಿಂದ ಫಿಫಾ ನಿಯಮದಲ್ಲಿ ವೃತ್ತಿಪರ ಆಟಗಾರ್ತಿಯರಿಗೆ ಕನಿಷ್ಠ 14 ವಾರಗಳ ಹೆರಿಗೆ ರಜೆಯೂ ಇದೆ, ಸಂಬಳದ ಮೂರನೇ ಎರಡು ಭಾಗದೊಂದಿಗೆ. ಮದುವೆಯಾದರೆ ಆಟ ಮುಗಿಯಿತು ಅನ್ನುವ ನೆಂಟರಿಗೆ ಇದನ್ನು ಹೇಳಿ.

ಕೊನೆಯದಾಗಿ, ಗೋವಾನಾ ಬೆಂಗಳೂರಾ? ಕಾರವಾರದಿಂದ ಮಡಗಾಂವ್ ಸುಮಾರು 70 ಕಿಲೋಮೀಟರ್, ಕೊಂಕಣ ರೈಲಿದೆ. ಫುಟ್‌ಬಾಲ್ ಅಲ್ಲಿ ಊರೂರಲ್ಲೂ ಇದೆ, ಹೆಂಗಸರ ಲೀಗೂ ಇದೆ. ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಮಗಳು ಮನೆಯಲ್ಲೇ ಇರಲಿ, ರಜೆಯಲ್ಲಿ ಅಲ್ಲಿ ಹೋಗಿ ಆಡಿ ಬರಲಿ. ಪಿಯುಸಿಗೆ ಬೆಂಗಳೂರು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ರಾಜ್ಯದ ಮಹಿಳಾ ಲೀಗ್ ನಡೆಯುವುದು ಅಲ್ಲಿ. ರಾಷ್ಟ್ರೀಯ ಲೀಗ್‌ನಲ್ಲಿ ಆಡಿದ ಕಿಕ್‌ಸ್ಟಾರ್ಟ್ ಕ್ಲಬ್ ಇರುವುದೂ ಅಲ್ಲೇ. ಕರ್ನಾಟಕ ತಂಡಕ್ಕೆ ಆರಿಸುವವರ ಕಣ್ಣಿಗೂ ಬೀಳುತ್ತಾಳೆ. ಯಾವ ಅಕಾಡೆಮಿಗೇ ಹೋಗಿ, ಹಾಸ್ಟೆಲು, ಜಿಮ್ಮು ನೋಡುವುದಕ್ಕೆ ಮೊದಲು ಇಷ್ಟು ಕೇಳಿ: ಹೋದ ವರ್ಷ ನಿಮ್ಮ ಹುಡುಗಿಯರು ಎಷ್ಟು ಮ್ಯಾಚ್ ಆಡಿದರು, ಯಾರ ಎದುರು?