ಎ ಮತ್ತು ಕೆ ಸೂಚ್ಯಂಕ: ನಾನು ಎಡವಿದ್ದು ಇಲ್ಲೇ

ಮೊನ್ನೆ ಹ್ಯಾಮ್ (ಹವ್ಯಾಸಿ) ರೇಡಿಯೋ ಹಾಕುವ ಮುಂಚೆ, ದೂರದ ಸಿಗ್ನಲ್ ಸಿಗುತ್ತಾ ಅಂತ ಅಂದಾಜಿಗೆ ಸೌರ ಅಂಕಿ ನೋಡಿದೆ. ಎಸ್‌ಎಫ್‌ಐ (ಸೂರ್ಯನ ಚುರುಕಿನ ಅಳತೆ) 150; ಭೂಮಿಯ ಕಾಂತಕ್ಷೇತ್ರದ ಅಲುಗಾಟ ಹೇಳುವ ಎ 25, ಕೆ 2. ಎ ಇಷ್ಟು ಜಾಸ್ತಿ ಇದ್ದರೆ ಏನು ಕೇಳಿಸೀತು ಅಂತ ಸುಮ್ನೆ ಎದ್ದುಬಿಟ್ಟೆ. ಅದೇ ಹೊತ್ತಿಗೆ ಗೆಳೆಯರೊಬ್ಬರು 10 ಮೀಟರ್ ಬ್ಯಾಂಡ್‌ನಲ್ಲಿ ದೂರದೂರದ ಸ್ಟೇಷನ್ ಹಿಡಿಯುತ್ತಿದ್ದರಂತೆ!

ಎಸ್‌ಎಫ್‌ಐ ನನಗೆ ತೊಂದರೆ ಕೊಡಲಿಲ್ಲ. 10.7 ಸೆಂ.ಮೀ. ತರಂಗದಲ್ಲಿ ಸೂರ್ಯನ ರೇಡಿಯೋ ಸದ್ದು ಎಷ್ಟಿದೆ ಅನ್ನುವ ಅಳತೆ ಅದು. ಕೆನಡಾದ ಪೆಂಟಿಕ್ಟನ್‌ನಲ್ಲಿ ದಿನಾ ಅಳೆಯುತ್ತಾರೆ. ಸಿಗ್ನಲ್ ಬಗ್ಗಿಸಿ ದೂರ ಕಳಿಸುವ, ಮೇಲಿನ ವಾತಾವರಣದ ಎಫ್2 ಪದರವನ್ನು ಗಟ್ಟಿ ಮಾಡುವುದು ಈ ಸದ್ದಲ್ಲ, ಅತಿನೇರಳೆ ಕಿರಣ. ಆದರೆ ಎರಡೂ ಹೆಚ್ಚುಕಮ್ಮಿ ಒಟ್ಟಿಗೆ ಏರಿಳಿಯುತ್ತವೆ.

ಈಗ ನನ್ನ ಗೊಂದಲ. ಕೆ ಅಂದರೆ ಭೂಮಿಯ ಕಾಂತಕ್ಷೇತ್ರ ಮೂರು ಗಂಟೆಯಲ್ಲಿ ಎಷ್ಟು ಅಲುಗಾಡಿತು ಎಂಬುದು, 0ಯಿಂದ 9ರವರೆಗೆ. ದಿನಕ್ಕೆ ಎಂಟು ಕೆ. ಎ ಅಂದರೆ ಇಡೀ ದಿನದ ಲೆಕ್ಕ. ಹಾಗಾದರೆ ಎಂಟು ಕೆ ಕೂಡಿಸಿ ಎಂಟರಿಂದ ಭಾಗಿಸಿದರೆ ಎ ಬರಬೇಕು, ಅಲ್ವಾ? ಬರಲ್ಲ. 9ಕ್ಕಿಂತ ಹೆಚ್ಚಿಲ್ಲದ ಅಂಕಿಗಳ ಸರಾಸರಿ 25 ಆಗೋದು ಹೇಗೆ? ಇಲ್ಲೇ ಎರಡು ದಿನ ಕೂತಿದ್ದೆ.

ಕೆ ಮೆಟ್ಟಿಲುಗಳು ಸಮ ಎತ್ತರದವಲ್ಲ. ಮೇಲೆ ಹೋದಂತೆ ಎತ್ತರ ಬೆಳೆಯುತ್ತದೆ. ಅದಕ್ಕೆ ಮೊದಲು ಪ್ರತಿ ಕೆಯನ್ನೂ ಕೋಷ್ಟಕ ನೋಡಿ ಬದಲಿಸಬೇಕು: 2 ಅಂದರೆ 7, 3 ಅಂದರೆ 15, 6 ಅಂದರೆ 80. ಆಮೇಲೆ ಸರಾಸರಿ.

ಒಂದು ದಿನ ಎಂಟೂ ಸಲ ಕೆ 3 ಅನ್ನಿ. ಎ 15. ಇನ್ನೊಂದು ದಿನ ಆರು ಸಲ 2, ಎರಡು ಸಲ 6. ಕೆ ಸರಾಸರಿ ಆಗಲೂ ಮೂರೇ. ಆದರೆ 42 ಮತ್ತು 160 ಕೂಡಿಸಿದರೆ 202. ಎಂಟರಿಂದ ಭಾಗಿಸಿದರೆ ಎ ಸುಮಾರು 25!

ನಾನು ಕಂಡ 25 ಹಿಂದಿನ ದಿನದ್ದು, ಗಲಾಟೆ ಮುಗಿದಿತ್ತು. ಸದ್ಯದ ಸ್ಥಿತಿ ಹೇಳಿದ್ದು ಕೆ 2. ಹಾಗಂತ ಎ ದಂಡ ಅಲ್ಲ. ಕಾಂತಕ್ಷೇತ್ರದ ಬಿರುಗಾಳಿ ನಿಂತ ಮೇಲೂ ಎಫ್2 ಪದರ ಸುಧಾರಿಸಿಕೊಳ್ಳಲು ಒಂದೆರಡು ದಿನ ಹಿಡಿಯಬಹುದು.

ಸೌರಜ್ವಾಲೆ ಬೇರೆ ಕಥೆ. ಅದರ ಎಕ್ಸ್‌ಕಿರಣ ಎಂಟು ನಿಮಿಷದಲ್ಲಿ ತಲುಪಿ, ಹಗಲಿನ ಕಡೆ, ಎಫ್2ಗಿಂತ ಕೆಳಗಿರುವ ಡಿ ಪದರ ಸಿಗ್ನಲ್ ನುಂಗುವಂತೆ ಮಾಡುತ್ತದೆ. ಆಗ ಆಂಟೆನಾ ಕೆಟ್ಟಿತು ಅಂತ ಬಿಚ್ಚಿ ನೋಡಬೇಡಿ, ನಾನು ನೋಡಿದ್ದೇನೆ.

ಈಗ ಅಂಕಿ ಏನೇ ಹೇಳಲಿ, 10 ಮೀಟರ್ ಬ್ಯಾಂಡಿನ 28.200 ಮೆಗಾಹರ್ಟ್ಸ್‌ಗೆ ಹೋಗಿ ಮೂರು ನಿಮಿಷ ಕೂರುತ್ತೇನೆ. ಅಷ್ಟರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯಿಂದ ಗುರುತಿನ ಸಿಗ್ನಲ್ ಕಳಿಸುವ 18 ಬೀಕನ್‌ಗಳ ಸರದಿ ಮುಗಿಯುತ್ತದೆ, ತಲಾ ಹತ್ತು ಸೆಕೆಂಡ್. ಒಂದು ಕೇಳಿಸಿದರೂ ಆ ದಿಕ್ಕು ತೆರೆದಿದೆ.