ವಯರ್ ತಿರುಚಿ ಟೇಪ್ ಸುತ್ತಿದರೆ ಸಾಲದೇ? ಎಂಸಿಬಿ ಉಂಟಲ್ಲ?

ಪ್ರಶ್ನೆ: ಮನೆಯ ವಯರಿಂಗಿನಲ್ಲಿ ಎರಡು ವಯರ್ ಸೇರಿಸುವುದಕ್ಕೆ ಯಾವ ಕನೆಕ್ಟರ್ ಹಾಕಬೇಕು? ನಮ್ಮ ಮನೆಗೆ ಬಂದ ಎಲೆಕ್ಟ್ರಿಷಿಯನ್ ಬರೀ ತಿರುಚಿ, ಟೇಪ್ ಸುತ್ತಿ ಹೋಗಿದ್ದಾರೆ. ಕೇಳಿದರೆ, "ಎಂಸಿಬಿ ಉಂಟಲ್ಲ, ಜಾಯಿಂಟ್ ಲೂಸ್ ಆದರೆ ಅದೇ ಬೀಳ್ತದೆ" ಅನ್ನುತ್ತಾರೆ (ಎಂಸಿಬಿ ಅಂದರೆ ಕರೆಂಟು ಮಿತಿ ಮೀರಿದರೆ ತಾನಾಗಿಯೇ ಬಿದ್ದು ಲೈನ್ ಕಡಿಯುವ ಸ್ವಿಚ್). ಇದು ಸರಿಯಾ? (ಕಾಸರಗೋಡಿನ ಬದಿಯಡ್ಕದ ಓದುಗರೊಬ್ಬರು)

ಉತ್ತರ: ಸರಿಯಲ್ಲ.

ಈ ಪ್ರಶ್ನೆ ಪ್ರತಿ ವರ್ಷ ಮೇ ತಿಂಗಳಲ್ಲಿ ಬರುತ್ತದೆ. ಮಳೆ ಹಿಡಿಯುವ ಮೊದಲು ಮನೆ ರಿಪೇರಿ ಮುಗಿಸುವ ಗಡಿಬಿಡಿ ಶುರುವಾಯಿತು ಅಂದರೆ ಸಾಕು, ಮಂಜೇಶ್ವರದಿಂದಲೂ ಬರುತ್ತದೆ, ಮುಳ್ಳೇರಿಯದಿಂದಲೂ ಬರುತ್ತದೆ. ಮದುವೆ ಊಟಕ್ಕೆ ಕುಳಿತಲ್ಲಿ ಪಕ್ಕದವರು, "ಮಾಷ್ಟ್ರೇ, ಒಂದು ಡೌಟು" ಅಂತ ಇದನ್ನೇ ಕೇಳುತ್ತಾರೆ. ಇಪ್ಪತ್ತೈದು ವರ್ಷ ಹುಡುಗರಿಗೆ ವಯರಿಂಗ್ ಕಲಿಸಿದವನು ನಾನು. ಇದೊಂದನ್ನು ಹೇಳಿ ಹೇಳಿ ಸಾಕಾಗಿದೆ. ಆದರೂ ಒಮ್ಮೆ ಪೂರ್ತಿಯಾಗಿ ಬರೆದಿಡುತ್ತೇನೆ.

ಕನೆಕ್ಟರ್ ಯಾವುದು ಅನ್ನುವುದು ಸುಲಭದ ಭಾಗ. ಈಗ ಅಂಗಡಿಯಲ್ಲಿ ಸಿಗುವ ಮನೆ ವಯರುಗಳೆಲ್ಲ ಹೆಚ್ಚಾಗಿ ಕೂದಲಿನಂಥ ಸಣ್ಣ ಎಳೆಗಳವು. ಅವಕ್ಕೆ ಲಿವರ್ ಕನೆಕ್ಟರ್ ಒಳ್ಳೆಯದು. ಕಿತ್ತಳೆ ಬಣ್ಣದ ಕಿವಿ ಎತ್ತಬೇಕು, ವಯರ್ ತೂರಿಸಬೇಕು, ಕಿವಿ ಒತ್ತಬೇಕು. ಒಳಗಿನ ಸ್ಪ್ರಿಂಗ್ ಕಚ್ಚಿ ಹಿಡಿಯುತ್ತದೆ. ಜರ್ಮನಿಯ ವ್ಯಾಗೋ ಕಂಪೆನಿಯ 221 ಅನ್ನುವ ಮಾದರಿ ಇದರಲ್ಲಿ ಎಲ್ಲರೂ ಕಂಡದ್ದು. ಅದರ ಸಾಮಾನ್ಯ ಸೈಜು 4 ಚದರ ಮಿಲಿಮೀಟರ್ ವಯರಿನವರೆಗೆ, 32 ಆಂಪಿಯರಿನವರೆಗೆ ತಾಳುತ್ತದೆ. ವಯರಿನ ಸಿಪ್ಪೆ 11 ಮಿಲಿಮೀಟರ್ ತೆಗೆಯಬೇಕು. ಹೆಚ್ಚು ತೆಗೆದರೆ ತಾಮ್ರ ಹೊರಗೆ ಕಾಣುತ್ತದೆ, ಕಡಿಮೆಯಾದರೆ ಸ್ಪ್ರಿಂಗು ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತದೆ. ನೋಡಲು ಹಾಗೆಯೇ ಇರುವ ಅಗ್ಗದ ಮಾಲು ಬೇಕಾದಷ್ಟು ಇದೆ. ಮೈಮೇಲೆ ಎಷ್ಟು ಆಂಪಿಯರ್, ಎಷ್ಟು ದಪ್ಪದ ವಯರು ಅಂತ ಬರೆದಿಲ್ಲದ್ದನ್ನು ತರಬೇಡಿ. ಹಾಕಿದ ಮೇಲೆ ಒಂದೊಂದೇ ವಯರನ್ನು ಹಿಡಿದು ಎಳೆದು ನೋಡಿ.

ಕಿವಿ ಇಲ್ಲದ, ಸುಮ್ನೆ ಒತ್ತಿ ತೂರಿಸುವ ಕನೆಕ್ಟರ್ ಒಂಟಿ ಗಟ್ಟಿ ಎಳೆಯ ವಯರಿಗೆ. ಸಣ್ಣ ಎಳೆಯ ವಯರಿಗೆ ಅದು ಆಗುವುದಿಲ್ಲ. ಉದ್ದಕ್ಕೆ ಹನ್ನೆರಡು ತೂತಿರುವ ಸ್ಕ್ರೂ ಸ್ಟ್ರಿಪ್ ಎಲ್ಲ ಕಡೆ ಸಿಗುತ್ತದೆ. ಲೈಟು, ಫ್ಯಾನಿಗೆ ಅದೂ ಆದೀತು. ಆದರೆ ಸ್ಕ್ರೂವಿನ ತುದಿ ನೇರವಾಗಿ ಎಳೆಗಳ ಮೇಲೆ ತಿರುಗಿದರೆ ಅರ್ಧ ಎಳೆ ತುಂಡಾಗುತ್ತದೆ. ವಯರಿನ ತುದಿಗೆ ಫೆರೂಲ್ ಅನ್ನುವ ಸಣ್ಣ ಕೊಳವೆ ಹಾಕಿ, ಅದಕ್ಕೆಂದೇ ಇರುವ ಕ್ರಿಂಪಿಂಗ್ ಪ್ಲಯರಿನಲ್ಲಿ ಒತ್ತಿ, ಆಮೇಲೆ ಸ್ಕ್ರೂ ಬಿಗಿಯಿರಿ. ತುದಿಗೆ ಸೋಲ್ಡರ್ ಹಚ್ಚಿ ಸ್ಕ್ರೂ ಬಿಗಿಯಬೇಡಿ. ಸೋಲ್ಡರ್ ಮೆದು ಲೋಹ, ಒತ್ತಡಕ್ಕೆ ನಿಧಾನವಾಗಿ ಜಾರುತ್ತದೆ. ಇವತ್ತು ಬಿಗಿಯಾಗಿದ್ದ ಸ್ಕ್ರೂ ವರ್ಷದಲ್ಲಿ ಸಡಿಲ.

ಗೀಸರಿಗೆ, ಎಸಿಗೆ ಬೋರ್ಡಿನಿಂದ ಒಂದೇ ಎಳೆತದಲ್ಲಿ ವಯರ್ ಹೋಗಲಿ, ನಡುವೆ ಜಾಯಿಂಟೇ ಬೇಡ. ಬೇಕೇ ಬೇಕು ಅಂತಾದರೆ ಪಿಂಗಾಣಿ ಕನೆಕ್ಟರ್ ಹಾಕಿ. ಇನ್ನು ಜಾಯಿಂಟ್ ಯಾವುದೇ ಇರಲಿ, ಮುಚ್ಚಳ ತೆಗೆದು ನೋಡಲು ಆಗುವ ಪೆಟ್ಟಿಗೆಯೊಳಗೇ ಇರಬೇಕು. ಮುರಕಲ್ಲಿನ ಗೋಡೆ ಕೊರೆದು ಕೂರಿಸಿದ ಪೈಪಿನೊಳಗೆ ಜಾಯಿಂಟ್ ಮಾಡಿ ಮೇಲಿಂದ ಸಿಮೆಂಟ್ ಮೆತ್ತುವುದು ಮಹಾ ತಪ್ಪು.

ಇಷ್ಟೇ. ಈಗ ಆ ಎಂಸಿಬಿಯ ಮಾತಿಗೆ ಬರುತ್ತೇನೆ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ನೀರ್ಚಾಲಿನ ಹತ್ತಿರದ ಒಂದು ಮನೆ. ಆಟಿ ತಿಂಗಳು, ಬಿಡದ ಮಳೆ. ಫೋನ್ ಮಾಡಿದ ಅಮ್ಮ, "ಅಣ್ಣಾ, ಮೂರು ದಿನದಿಂದ ಬಚ್ಚಲಿನ ಹತ್ತಿರ ಒಣಮೀನಿನ ವಾಸನೆ" ಅಂದರು. ಅವರ ಮನೆಗೆ ಮೀನು ತರುವ ಕ್ರಮ ಇಲ್ಲ. ಬೆಕ್ಕು ಎಲ್ಲಿಂದಲೋ ಕಚ್ಚಿ ತಂದು ಅಟ್ಟದಲ್ಲಿ ಇಟ್ಟಿರಬೇಕು ಅಂತ ಅಡಿಕೆ ಗೋಣಿಗಳನ್ನೆಲ್ಲ ಸರಿಸಿ ಹುಡುಕಿದ್ದರಂತೆ. ಕೊನೆಗೆ ಮಗ, ಇದು ಗೀಸರ್ ಹಾಕಿದಾಗ ಮಾತ್ರ ಬರುವ ವಾಸನೆ ಅಂತ ಕಂಡುಹಿಡಿದ. ನಾನು ಹೋಗಿ ಗೀಸರಿನ ಸ್ವಿಚ್ಚಿನ ಮೇಲಿದ್ದ ಪೆಟ್ಟಿಗೆ ಬಿಚ್ಚಿದೆ. ಟೇಪು ಬೆಂದು ಕಾದ ಬೆಲ್ಲದ ಹಾಗೆ ಅಂಟಿಕೊಂಡಿತ್ತು. ಬಿಡಿಸಿದರೆ ಒಳಗಿನ ತಾಮ್ರ ಕಪ್ಪು. ಬೆರಳು ತಾಗಿದಲ್ಲಿ ಎಳೆ ಮುರಿದು ಕೈಗೆ ಬಂತು. ಪೆಟ್ಟಿಗೆಯ ಮುಚ್ಚಳ ಒಳಗಿನಿಂದ ಕಂದಾಗಿತ್ತು. ಬಿಸಿಯಾದ ಸ್ವಿಚ್ಚು, ಪ್ಲಾಸ್ಟಿಕ್ಕು ಮೀನಿನ ವಾಸನೆ ಕೊಡುವುದುಂಟು. ಆ ಮೂರು ದಿನದಲ್ಲಿ ಎಂಸಿಬಿ ಒಮ್ಮೆಯೂ ಬಿದ್ದಿರಲಿಲ್ಲ. ಅದು ಕೆಟ್ಟಿರಲೂ ಇಲ್ಲ. ನಾನೇ ಪರೀಕ್ಷೆ ಮಾಡಿದೆ, ಸರಿಯಾಗಿಯೇ ಇತ್ತು.

ಹಾಗಾದರೆ ಯಾಕೆ ಬೀಳಲಿಲ್ಲ?

ಎಂಸಿಬಿ ಅಂದರೆ ಗೇಟಿನಲ್ಲಿ ಕುಳಿತು ಒಳಗೆ ಹೋಗುವವರನ್ನು ಎಣಿಸುವ ಕಾವಲುಗಾರ. ಲೆಕ್ಕಕ್ಕಿಂತ ಜಾಸ್ತಿ ಜನ ಬಂದರೆ ಗೇಟು ಹಾಕುತ್ತಾನೆ. ಒಳಗೆ ಯಾರಿಗೆ ಜ್ವರ ಬಂದಿದೆ ಅನ್ನುವುದು ಅವನಿಗೆ ಕಾಣುವುದೇ ಇಲ್ಲ. ಸಡಿಲ ಜಾಯಿಂಟ್ ಇದ್ದರೆ ಕರೆಂಟು ಜಾಸ್ತಿಯಾಗುವುದಿಲ್ಲ. ಕಡಿಮೆಯಾಗುತ್ತದೆ. ತೋಟದ ಪೈಪು ಮಡಚಿಕೊಂಡರೆ ನೀರು ಕಡಿಮೆ ಬರುತ್ತದೆ, ಅಲ್ವಾ? ಹಾಗೆಯೇ.

ಲೆಕ್ಕ ಮಾಡಿಯೇ ನೋಡೋಣ. 2000 ವ್ಯಾಟಿನ ಗೀಸರ್, 230 ವೋಲ್ಟ್. ಎಳೆಯುವ ಕರೆಂಟು 8.7 ಆಂಪಿಯರ್. ಜಾಯಿಂಟ್ ಸಡಿಲವಾಗಿ ಅಲ್ಲಿ 0.3 ಓಮ್ ತಡೆ ಹುಟ್ಟಿತು ಅಂತ ಇಟ್ಟುಕೊಳ್ಳಿ. ಈಗ ಕರೆಂಟು 8.6. ಇಳಿಯಿತು! ಆದರೆ ಆ ಜಾಯಿಂಟಿನಲ್ಲಿ ಹುಟ್ಟುವ ಬಿಸಿ ಎಷ್ಟು? ಕರೆಂಟಿನ ವರ್ಗವನ್ನು ತಡೆಯಿಂದ ಗುಣಿಸಿ. ಸುಮಾರು 22 ವ್ಯಾಟ್.

22 ವ್ಯಾಟ್ ಏನು ಮಹಾ ಅನ್ನಬೇಡಿ. ರೇಡಿಯೋ ರಿಪೇರಿಯವರ ಕೈಯಲ್ಲಿರುವ ಸೋಲ್ಡರಿಂಗ್ ಐರನ್ 25 ವ್ಯಾಟಿನದ್ದು. ಅದರ ತುದಿಯಲ್ಲಿ ಸೋಲ್ಡರ್ ಕರಗುತ್ತದೆ, 180 ಡಿಗ್ರಿ ಮೇಲೆ. ಮನೆಯ ಸಾಮಾನ್ಯ ಪಿವಿಸಿ ವಯರಿನ ಸಿಪ್ಪೆ ತಾಳುವುದು 70 ಡಿಗ್ರಿ. ಅಂದರೆ ಗೋಡೆಯ ಪೆಟ್ಟಿಗೆಯೊಳಗೆ, ಟೇಪಿನಲ್ಲಿ ಸುತ್ತಿ, ಒಂದು ಸೋಲ್ಡರಿಂಗ್ ಐರನ್ ಉರಿಸಿ ಇಟ್ಟ ಹಾಗೆ. ಕಾವಲುಗಾರನಿಗೆ ಮಾತ್ರ 16ರ ಗೇಟಿನಲ್ಲಿ 8.6 ದಾಟುತ್ತಿದೆ, ಎಲ್ಲ ಸೌಖ್ಯ. 16 ಆಂಪಿಯರಿನ ಎಂಸಿಬಿ 18 ಆಂಪಿಯರ್ ಹೋದರೂ ಒಂದು ಗಂಟೆ ಬೀಳಬಾರದು, ಅದನ್ನು ಮಾಡಿದ್ದೇ ಹಾಗೆ.

ತರಗತಿಯಲ್ಲಿ ನಾನು ಇದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಒಂದು ಹಲಗೆಯ ಮೇಲೆ ಎಂಸಿಬಿ, ಹೀಟರ್, ನಡುವೆ ಬೇಕೆಂದೇ ಸಡಿಲ ಬಿಟ್ಟ ಜಾಯಿಂಟ್. ಕ್ಲ್ಯಾಂಪ್ ಮೀಟರ್ ಒಬ್ಬ ಹುಡುಗನ ಕೈಗೆ ಕೊಟ್ಟು, "ಓದುತ್ತಾ ಇರು" ಅನ್ನುತ್ತಿದ್ದೆ. ಅವನು ಎಂಟು ಪಾಯಿಂಟ್ ಏಳು, ಎಂಟು ಪಾಯಿಂಟ್ ಆರು ಅಂತ ಓದುತ್ತಿದ್ದಂತೆ ಜಾಯಿಂಟಿನ ಟೇಪು ಮೆತ್ತಗಾಗಿ ಜಾರತೊಡಗುತ್ತಿತ್ತು. ಆ ಹುಡುಗರಲ್ಲಿ ಒಬ್ಬನೂ ಮುಂದೆ ಟೇಪಿನ ಜಾಯಿಂಟ್ ಮಾಡಿದ್ದನ್ನು ನಾನು ಕಂಡಿಲ್ಲ. ಈಗ ಅವರಲ್ಲಿ ಕೆಲವರು ಗಲ್ಫಿನಲ್ಲಿ ಸೂಪರ್‌ವೈಸರುಗಳು. ಊರಿಗೆ ಬಂದಾಗ ಆ ಹಲಗೆಯ ನೆನಪು ತೆಗೆಯುತ್ತಾರೆ. ನನಗೆ ಅದೇ ಸಂತೋಷ.

ಇಷ್ಟು ಹೇಳಿದ ಮೇಲೂ ಎರಡು ಮಾತು ಬಂದೇ ಬರುತ್ತದೆ. ಒಂದು, "ಇಎಲ್‌ಸಿಬಿ ಉಂಟಲ್ಲ?" ಅದು ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ವಾಪಸು ಬಂತಾ ಅಂತ ಮಾತ್ರ ನೋಡುತ್ತದೆ. 30 ಮಿಲಿ ಆಂಪಿಯರ್ ದಾರಿ ತಪ್ಪಿದರೆ ಬೀಳುತ್ತದೆ. ಸಡಿಲ ಜಾಯಿಂಟಿನಲ್ಲಿ 8.6 ಹೋಯಿತು, 8.6 ಬಂತು. ದಾರಿ ತಪ್ಪಿದ್ದು ಏನೂ ಇಲ್ಲ. ಮನುಷ್ಯನ ಜೀವ ಉಳಿಸಲು ಅದು ಬೇಕೇ ಬೇಕು, ಆದರೆ ಈ ಕೆಲಸ ಅದರದ್ದಲ್ಲ.

ಎರಡನೆಯದು, "ನಮ್ಮಲ್ಲಿ ಇಪ್ಪತ್ತು ವರ್ಷದಿಂದ ಟೇಪೇ, ಏನೂ ಆಗಿಲ್ಲ." ಇಪ್ಪತ್ತು ವರ್ಷದ ಹಿಂದೆ ಆ ಜಾಯಿಂಟಿನಲ್ಲಿ ಹೋಗುತ್ತಿದ್ದದ್ದು ಏನು? ಒಂದು ಟ್ಯೂಬ್ ಲೈಟು, ಸುಮಾರು 0.4 ಆಂಪಿಯರ್. ಈಗ ಅದೇ ವಯರಿನ ತುದಿಗೆ ಇಂಡಕ್ಷನ್ ಒಲೆ ಬಂದಿದೆ. ಕರೆಂಟು 20 ಪಟ್ಟು ಆದರೆ ಬಿಸಿ 20 ಪಟ್ಟು ಅಲ್ಲ, 400 ಪಟ್ಟು. ವರ್ಗದ ಲೆಕ್ಕ ಅದು. ಬಿಸಿಯಾದ ತಾಮ್ರಕ್ಕೆ ಕಿಲುಬು ಬೇಗ ಹಿಡಿಯುತ್ತದೆ, ಕಿಲುಬು ಹಿಡಿದರೆ ತಡೆ ಜಾಸ್ತಿ, ತಡೆ ಜಾಸ್ತಿಯಾದರೆ ಬಿಸಿ ಇನ್ನೂ ಜಾಸ್ತಿ. ಉಪ್ಪಳದಿಂದ ತೃಕ್ಕರಿಪುರದವರೆಗೆ ನಮ್ಮದು ಕಡಲ ಗಾಳಿ ಬೀಸುವ ಊರು. ಉಪ್ಪು, ತೇವ ಎರಡೂ ಸೇರಿ ಆ ಕೆಲಸವನ್ನು ಇನ್ನಷ್ಟು ಬೇಗ ಮಾಡುತ್ತವೆ.

ಟೇಪನ್ನು ನಾನು ಬೈಯುತ್ತಿಲ್ಲ. ಟೇಪು ಇರುವುದು ಶಾಕ್ ಹೊಡೆಯದ ಹಾಗೆ ಮುಚ್ಚಲಿಕ್ಕೆ. ಎರಡು ತಾಮ್ರವನ್ನು ಒತ್ತಿ ಹಿಡಿಯುವ ಶಕ್ತಿ ಅದಕ್ಕಿಲ್ಲ. ಕನೆಕ್ಟರಿಗೆ ದುಡ್ಡು ಕೊಡುವುದು ಆ ಒತ್ತಿ ಹಿಡಿಯುವುದಕ್ಕೆ. ಸರಿಯಾದ ಜಾಯಿಂಟಿನಲ್ಲಿ ತಡೆ 0.005 ಓಮ್ ಅಥವಾ ಅದಕ್ಕಿಂತಲೂ ಕಡಿಮೆ. ಅದೇ ಗೀಸರಿಗೆ ಅಲ್ಲಿ ಹುಟ್ಟುವ ಬಿಸಿ ಅರ್ಧ ವ್ಯಾಟೂ ಇಲ್ಲ.

ಹಳೇ ಪೆಟ್ಟಿಗೆ ಬಿಚ್ಚಿಸುವುದಿದ್ದರೆ ವಯರ್‌ಮ್ಯಾನ್ ಪರ್ಮಿಟ್ ಇರುವವರನ್ನು ಕರೆಯಿರಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅವರಿಗೆ ಮೊದಲೇ ಹೇಳಿ. ಮೈನ್ ಇಳಿಸಿದರೂ ಇನ್ವರ್ಟರಿನ ಲೈನಿನಲ್ಲಿ ಕರೆಂಟು ಇರುತ್ತದೆ, ಒಂದೇ ಪೆಟ್ಟಿಗೆಯಲ್ಲಿ ಎರಡೂ ವಯರು ಇರುತ್ತವೆ.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ಪೆಟ್ಟಿಗೆ ಬಿಚ್ಚುವಾಗ ನ್ಯೂಟ್ರಲ್ ಜಾಯಿಂಟನ್ನೂ ನೋಡಿಸಿ ಅಂತ ಹೇಳದೆ ಬಿಡಲು ಮನಸ್ಸಿಲ್ಲ. ಫೇಸಿಗೆ ಕೊಡುವ ಮರ್ಯಾದೆಯನ್ನು ನ್ಯೂಟ್ರಲಿಗೆ ಯಾರೂ ಕೊಡುವುದಿಲ್ಲ. ಅದರಲ್ಲಿ ಶಾಕ್ ಇಲ್ಲ, ಹೇಗಿದ್ದರೂ ನಡೆಯುತ್ತದೆ ಅಂತ ಒಂದು ಸುತ್ತು ಕಡಿಮೆಯೇ ತಿರುಚುತ್ತಾರೆ. ಫೇಸಿನಲ್ಲಿ ಹೋದಷ್ಟೇ ಕರೆಂಟು ಅದರಲ್ಲೂ ಹೋಗುತ್ತದೆ. ಅಲ್ಲೂ ಅಷ್ಟೇ ಬಿಸಿ.

ಮೂರು ಫೇಸಿನ ಮನೆಗಳಲ್ಲಿ ಇದು ಇನ್ನೂ ಕೆಟ್ಟದ್ದು. ದೊಡ್ಡ ಮನೆ, ಎಸಿ, ಪಂಪು ಅಂತ ಈಗ ಎಷ್ಟೋ ಕಡೆ ಮೂರು ಫೇಸು ಬಂದಿದೆ. ಮುಖ್ಯ ನ್ಯೂಟ್ರಲಿನ ಜಾಯಿಂಟ್ ಕಳಚಿದರೆ ಒಂದು ಫೇಸಿನ ಸಾಮಾನು, ಇನ್ನೊಂದು ಫೇಸಿನ ಸಾಮಾನು ಒಂದರ ಹಿಂದೆ ಒಂದು ಸೇರಿ 400 ವೋಲ್ಟಿನ ನಡುವೆ ನಿಲ್ಲುತ್ತವೆ. ಒಂದು ಕಡೆ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ, ಇನ್ನೊಂದು ಕಡೆ ಬರೀ ಟಿವಿ ಇದ್ದರೆ, ವೋಲ್ಟೇಜಿನ ದೊಡ್ಡ ಪಾಲು ಟಿವಿಯ ತಲೆಗೆ ಬರುತ್ತದೆ. ಇಲ್ಲೂ ಎಂಸಿಬಿ ಸುಮ್ನೆ ಕೂತಿರುತ್ತದೆ. ಎಷ್ಟೋ ಟಿವಿ, ಫ್ರಿಜ್ಜು ಹೋದಾಗ ಸಿಡಿಲು ಹೊಡೆಯಿತು ಅನ್ನುತ್ತಾರೆ. ಅವುಗಳಲ್ಲಿ ಕೆಲವು ನ್ಯೂಟ್ರಲ್ ಕಳಚಿ ಹೋದವು.

ಒಂದು ಕೋಣೆಯ ದೀಪ ಕಣ್ಣು ಕುಕ್ಕುವ ಹಾಗೆ ಉರಿದು, ಇನ್ನೊಂದು ಕೋಣೆಯದ್ದು ಮಂಕಾದರೆ ಕಾರಣ ಹುಡುಕುತ್ತಾ ನಿಲ್ಲಬೇಡಿ. ಮೊದಲು ಮೈನ್ ಇಳಿಸಿ. ಆಮೇಲೆ ಪಕ್ಕದ ಮನೆಯಲ್ಲೂ ಹೀಗೇ ಆಗಿದೆಯಾ ಕೇಳಿ. ಅಲ್ಲೂ ಆಗಿದ್ದರೆ ಕಳಚಿದ್ದು ಕಂಬದ ಕಡೆ, ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) 1912ಕ್ಕೆ ಫೋನ್ ಮಾಡಿ. ನಿಮ್ಮಲ್ಲಿ ಮಾತ್ರ ಆಗಿದ್ದರೆ ಹೆಚ್ಚಾಗಿ ಮೀಟರಿನ ಹತ್ತಿರದ ಜಾಯಿಂಟ್. ಕಂಬದಿಂದ ಬರುವ ಅಲ್ಯುಮಿನಿಯಂ ವಯರು ಮನೆಯ ತಾಮ್ರಕ್ಕೆ ಸೇರುವ ಜಾಗ ಅದು. ಅಲ್ಲಿಗೆ ಎರಡು ಲೋಹಕ್ಕೂ ಆಗುವ ಬೇರೆಯೇ ಕನೆಕ್ಟರ್ ಬೇಕು, ನಾನು ಮೇಲೆ ಹೇಳಿದ ಕಿತ್ತಳೆ ಕಿವಿಯದ್ದನ್ನು ಅಲ್ಲಿಗೆ ಹಾಕಿಸಬೇಡಿ.