ಹೊಲಕ್ಕೆ ಕೈ, ಶಾಲೆಗೆ ಫೀಸು

ಸಿಂಧನೂರು ಕಡೆಯ ನಮ್ಮ ಅಜ್ಜಿ ಹೆತ್ತದ್ದು ಎಂಟು, ಉಳಿದದ್ದು ಐದು. "ಹುಟ್ಟಿಸಿದ ದೇವ್ರು ಹುಲ್ಲು ಮೇಯಿಸ್ತಾನೇನು?" ಅನ್ನುತ್ತಿದ್ದರು. ನನ್ನ ತಂಗಿಗೆ ಒಬ್ಬನೇ ಮಗ. ಇನ್ನೊಂದು ಯಾವಾಗ ಅಂತ ಕೇಳಿದರೆ ಶಾಲೆ ಫೀಸಿನ ರಸೀದಿ ತೋರಿಸುತ್ತಾಳೆ.

ಬಡತನವಿದ್ದರೆ ಮಕ್ಕಳು ಜಾಸ್ತಿ ಅಂತ ಸುಮ್ನೆ ಹೇಳಿಬಿಡುತ್ತೇವೆ. ಆದರೆ ಬರ ಬಂದಾಗ ಇಲ್ಲಿ ತೊಟ್ಟಿಲು ಖಾಲಿಯಾಗಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. 1878ರವರೆಗೆ ನಡೆದ ಆ ಬರದಲ್ಲಿ ಮದ್ರಾಸ್ ಪ್ರಾಂತ್ಯ, ಅದರಲ್ಲೂ ಬಳ್ಳಾರಿ ಜಿಲ್ಲೆ ನಲುಗಿಹೋಯಿತು. ಸಾವು ಏರಿತು, ಹುಟ್ಟು ಕುಸಿಯಿತು. ಹೊಟ್ಟೆಗಿಲ್ಲದ ಹೆಂಗಸಿನ ಮುಟ್ಟೇ ನಿಲ್ಲುತ್ತದೆ. ಗಂಡ ಗುಳೆ ಹೋಗಿರುತ್ತಾನೆ. ಮದುವೆಗಳು ಮುಂದಕ್ಕೆ ಹೋಗುತ್ತವೆ. ಮಳೆ ಬಂದ ಮೇಲೆ ಮತ್ತೆ ತೊಟ್ಟಿಲು ತುಂಬಿತು.

ಮನೆಯಲ್ಲೇ ಠಿಕಾಣಿ ಹೂಡಿದ ಬಡತನದ ಲೆಕ್ಕ ಬೇರೆ. ಪಿಂಚಣಿ ಇಲ್ಲ, ಕೂಸುಗಳು ಉಳಿಯುವ ಖಾತ್ರಿ ಇಲ್ಲ. ಹತ್ತಿ ಬಿಡಿಸುವುದನ್ನು ನೋಡಿದ್ದೀರಾ? ಸೊಂಟಕ್ಕೆ ಉಡಿ ಕಟ್ಟಿಕೊಂಡು ಸಾಲು ಹಿಡಿಯಬೇಕು. ಸಂಜೆ ತೂಕ ಮಾಡಿ ಕಿಲೋ ಲೆಕ್ಕದಲ್ಲಿ ಕೂಲಿ. ಅಲ್ಲಿ ಎಂಟು ವರ್ಷದ ಕೂಸೂ ಒಂದು ಕೈ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ನೀರು, ಭತ್ತ ಬಂದವು. ನಾಟಿಗೆ, ಕಳೆಗೆ ಇನ್ನಷ್ಟು ಕೈ ಬೇಕಾದವು.

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ನಮ್ಮವರಿಗೆ ಅದರಿಂದೇನು? ಆಗ ಬಳ್ಳಾರಿ ಮದ್ರಾಸಿನದು, ರಾಯಚೂರು ಮತ್ತು ಕೊಪ್ಪಳ ನಿಜಾಮರದು.

ಲೆಕ್ಕ ತಿರುಗಿದ್ದು ಮಗು ದುಡಿಯುವ ಕೈ ಆಗಿರದೆ ಖರ್ಚಿನ ಬಾಬತ್ತಾದಾಗ ಅಂತ ನನಗನ್ನಿಸುತ್ತದೆ. ಹುಟ್ಟಿದ ಕೂಸು ಉಳಿಯುತ್ತದೆ ಅನ್ನುವ ಧೈರ್ಯವೂ ಬಂದಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 1992-93ರಲ್ಲಿ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ 2.9 ಮಕ್ಕಳು. 2019-21ರಲ್ಲಿ 1.7. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ಇದು ಇಡೀ ರಾಜ್ಯದ ಸರಾಸರಿ ಅನ್ನುವುದು ನೆನಪಿರಲಿ. ಹೆಣ್ಣುಮಕ್ಕಳ ಓದು ಹಿಂದುಳಿದ ನಮ್ಮ ಕಡೆ ಈ ಇಳಿಕೆ ತಡವಾಗಿಯೇ ಶುರುವಾಯಿತು.

ಹೆಂಗಸಿನ ದುಡಿಮೆಯದೂ ಒಂದು ಲೆಕ್ಕವಿದೆ. ಬಳ್ಳಾರಿಯಲ್ಲಿ ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿಯುವವಳು ಬಾಣಂತನಕ್ಕೆ ಮಲಗಿದರೆ ಮಷೀನೂ ಮಲಗುತ್ತದೆ, ಅಷ್ಟು ದಿನದ ದುಡ್ಡೂ ಹೋಗುತ್ತದೆ. ಅವಳಿಗೆ ರಜೆಯ ಸಂಬಳ ಯಾರು ಕೊಡುತ್ತಾರೆ, ಅಲ್ವಾ?

ಅಜ್ಜಿಯ ಹೊಲದಲ್ಲಿ ಈಗ ಹತ್ತಿ ಬಿಡಿಸಲು ಆಳು ಸಿಗುವುದಿಲ್ಲ. ಪಕ್ಕದೂರಿಂದ ಆಟೋದಲ್ಲಿ ಕರೆಸುತ್ತಾರೆ. ಬಾಡಿಗೆಯೂ ನಮ್ಮದೇ.